ಅಟ್ಟದ ಕೆಳಗೊಂದು ಸರ್ವರ್

ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ಮುಗಿಯುವ ಹೊತ್ತಿಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಮೊಬೈಲು ಕೈಗೆ ಬರುತ್ತದೆ. ಇವತ್ತು ಕ್ವಿಂಟಲಿಗೆ ಎಷ್ಟಾಯಿತು? ವ್ಯಾಪಾರ ನಡೆಯುವುದೇ ಆನ್‌ಲೈನಿನಲ್ಲಿ. ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬರತೊಡಗಿದ್ದು 2014ರಿಂದ. ಫೋನು ಕೇಳುತ್ತದೆ, ಎಲ್ಲೋ ದೂರದ ಒಂದು ಕಂಪ್ಯೂಟರು ಉತ್ತರ ಕೊಡುತ್ತದೆ. ಹೀಗೆ ಕೇಳಿದವರಿಗೆಲ್ಲ ಉತ್ತರ ಕೊಡಲು ಕಾದು ಕೂತಿರುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು.

ಆ ದಿನದ ಧಾರಣೆಯೇನೋ ಸಿಕ್ಕಿತು. ಆದರೆ ಅದೇ ಮನೆಯ ಕಾಯಿ ಅಟ್ಟಕ್ಕೆ ಏರಿದ್ದು ಯಾವ ತಿಂಗಳು, ಕಳೆದ ಸಲ ಎಷ್ಟು ಕಾಯಿ ಕೊಳೆತವು, ಬಾವಿ ಪಕ್ಕದ ಸಾಲಿನಲ್ಲಿ ಅಣಬೆ ರೋಗ ಮೊದಲು ಕಂಡದ್ದು ಯಾವ ಮರದಲ್ಲಿ? ಇವಕ್ಕೆ ಉತ್ತರ ಯಾವ ಡೇಟಾ ಸೆಂಟರಿನಲ್ಲೂ ಇಲ್ಲ. ಅದು ಯಜಮಾನರ ನೆನಪಿನಲ್ಲಿದೆ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿದೆ, ಇಲ್ಲವೇ ವಾಟ್ಸ್‌ಆ್ಯಪ್ ಗುಂಪಿನ ಹಳೆಯ ಸಂದೇಶಗಳ ಅಡಿಯಲ್ಲಿ ಹೂತುಹೋಗಿದೆ. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಸರ್ವರನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದು ಹೊರಗಿನ ಲೋಕಕ್ಕೆ ತೆರೆದುಕೊಳ್ಳುವುದು ಆಮೇಲಿನ ಮಾತು. ಮೊದಲು ಮನೆಯೊಳಗಿನವರಿಗೆ ಉತ್ತರ ಕೊಡಲಿ.

ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಒಂದು ಮೇಜಿನ ಮೇಲೆಯೇ ಇತ್ತು. ಜಿನೀವಾ ಪಕ್ಕದ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಅದನ್ನು ನಡೆಸಿದ್ದು ನೆಕ್ಸ್ಟ್ ಕಂಪನಿಯ ಕಪ್ಪು ಡಬ್ಬಿಯಂಥ ಕಂಪ್ಯೂಟರಿನಲ್ಲಿ. ಆ ಡಬ್ಬಿಗೆ ಅಂಟಿಸಿದ ಚೀಟಿಯೊಂದರಲ್ಲಿ ಇದು ಸರ್ವರ್, ಇದನ್ನು ಯಾರೂ ಆರಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಸರ್ವರಿನ ಮುಖ್ಯ ಲಕ್ಷಣ ಆ ಚೀಟಿಯಲ್ಲೇ ಇದೆ. ಅದಕ್ಕೆ ದೊಡ್ಡ ಗಾತ್ರ ಬೇಕಿಲ್ಲ, ಭಾರಿ ವೇಗವೂ ಬೇಕಿಲ್ಲ. ಹಗಲೂ ರಾತ್ರಿ ಎಚ್ಚರವಾಗಿರಬೇಕು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರುಗಳಲ್ಲಿ ಕಷ್ಟವಾದದ್ದು ಈ ಎಚ್ಚರವೇ.

ಈ ಕಷ್ಟವನ್ನು ಹಗುರ ಮಾಡಿದ್ದು ಒಂದೇ ಹಲಗೆಯ ಮೇಲೆ ಪೂರ್ತಿ ಕೂರುವ ಪುಟ್ಟ ಕಂಪ್ಯೂಟರುಗಳು. ಅವುಗಳಲ್ಲಿ ಹೆಸರಾದದ್ದು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನ ಎಬೆನ್ ಅಪ್ಟನ್ ಮತ್ತು ಗೆಳೆಯರು ಶಾಲಾ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ರೂಪಿಸಿದ ಇದು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, 35 ಡಾಲರಿಗೆ. ಎಟಿಎಂ ಕಾರ್ಡಿನಷ್ಟೇ ಉದ್ದಗಲ. 2024ರ ಹೊತ್ತಿಗೆ 6 ಕೋಟಿಗೂ ಹೆಚ್ಚು ಬೋರ್ಡುಗಳು ಮಾರಾಟವಾಗಿದ್ದವು. ಅದರ ಚಿಕ್ಕ ತಮ್ಮನಂತೆ 2021ರಲ್ಲಿ 15 ಡಾಲರಿಗೆ ಬಂದ ಜೀರೊ 2 ಡಬ್ಲ್ಯು ಇನ್ನೂ ಕಿರಿದು: 65 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ. ಬರ್ನರ್ಸ್-ಲೀ ಬಳಸಿದ ಯಂತ್ರದ ಪ್ರೊಸೆಸರು 25 ಮೆಗಾಹರ್ಟ್ಸ್‌ನದು. ಈ ಪುಟಾಣಿಯಲ್ಲಿ 1 ಗಿಗಾಹರ್ಟ್ಸ್ ವೇಗದ ನಾಲ್ಕು ಪ್ರೊಸೆಸರುಗಳೂ 512 ಮೆಗಾಬೈಟ್ ಮೆಮೊರಿಯೂ ಇವೆ. ಮನೆಯವರ, ನೆಂಟರಿಷ್ಟರ ಪುಟಗಳಿಗೆ ಇಷ್ಟು ಧಾರಾಳ.

ಈ ಬೋರ್ಡುಗಳು ಇಷ್ಟು ಕಡಿಮೆ ಕರೆಂಟು ಕುಡಿಯುವುದರ ಹಿಂದೆ ಒಂದು ಹಳೆಯ ಕಥೆಯಿದೆ. ಇವುಗಳೊಳಗಿನ ಆರ್ಮ್ ಪ್ರೊಸೆಸರಿನ ಮೊದಲ ಚಿಪ್ ತಯಾರಾಗಿ ಬಂದದ್ದು 1985ರ ಏಪ್ರಿಲ್‌ನಲ್ಲಿ, ಅದೇ ಕೇಂಬ್ರಿಜ್‌ನ ಏಕಾರ್ನ್ ಕಂಪನಿಗೆ. ಸೋಫಿ ವಿಲ್ಸನ್ ಜೊತೆ ಅದನ್ನು ವಿನ್ಯಾಸ ಮಾಡಿದ ಸ್ಟೀವ್ ಫರ್ಬರ್, ಚಿಪ್ ಎಷ್ಟು ಕರೆಂಟು ಎಳೆಯುತ್ತಿದೆಯೆಂದು ಅಳೆಯಹೋದರೆ ಮೀಟರು ಸೊನ್ನೆ ತೋರಿಸಿತು. ಹುಡುಕಿ ನೋಡಿದಾಗ ಗೊತ್ತಾದದ್ದು, ಚಿಪ್ಪಿನ ವಿದ್ಯುತ್ ಸಂಪರ್ಕವೇ ಕೂಡಿರಲಿಲ್ಲ. ಪಕ್ಕದ ಸರ್ಕ್ಯೂಟುಗಳ ಸಂಕೇತದ ತಂತಿಗಳಿಂದ ಸೋರಿ ಬರುತ್ತಿದ್ದ ಕರೆಂಟಿನಲ್ಲೇ ಅದು ಸರಾಗವಾಗಿ ಓಡುತ್ತಿತ್ತು. ಇಂದು ನಮ್ಮ ಜೇಬಿನ ಫೋನುಗಳಲ್ಲೆಲ್ಲ ಇರುವುದು ಆ ಚಿಪ್ಪಿನ ವಂಶವೇ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ, ಅದನ್ನು ಮರೆಯಬಾರದು. ರಾಸ್ಪ್‌ಬೆರಿ ಪೈ ಬರುವ ಹತ್ತು ವರ್ಷ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಕಟ್ಟಿದ್ದರು. ಅದರೊಳಗೂ ಆರ್ಮ್ ವಂಶದ ಪ್ರೊಸೆಸರು, ಮೇಲೆ ಲಿನಕ್ಸ್. ಹಳ್ಳಿಯವರೂ ಬಳಸಬಹುದಾದ ಅಗ್ಗದ ಕಂಪ್ಯೂಟರು ಬೇಕೆಂಬುದು ಅವರ ಹಟವಾಗಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೂ ಆರ್ಮ್ ಮತ್ತು ಲಿನಕ್ಸ್ ಜೋಡಿಯ ಮೇಲೆ ಅವರಿಟ್ಟ ನಂಬಿಕೆ ಸರಿಯಾಗಿತ್ತು ಎಂಬುದಕ್ಕೆ ಇಂದಿನ ಪ್ರತಿ ಆಂಡ್ರಾಯ್ಡ್ ಫೋನೂ ಸಾಕ್ಷಿ.

ಇನ್ನು ಕರೆಂಟಿನ ಲೆಕ್ಕ. ರಾಸ್ಪ್‌ಬೆರಿ ಪೈಯ ಪೈ 4 ಎಂಬ ಮಾದರಿಯ ಬೋರ್ಡು ಸುಮ್ಮನೆ ಕಾದು ಕೂತಾಗ ಎಳೆಯುವುದು ಸುಮಾರು 3 ವ್ಯಾಟ್. ವರ್ಷಪೂರ್ತಿ ಆರಿಸದೆ ಇಟ್ಟರೆ 26 ಯೂನಿಟ್. 60 ವ್ಯಾಟಿನ ಮಾಮೂಲಿ ಡೆಸ್ಕ್‌ಟಾಪ್ ಹಾಗೆಯೇ ಉರಿದರೆ 525 ಯೂನಿಟ್ ದಾಟುತ್ತದೆ. ಜೀರೊ 2 ಡಬ್ಲ್ಯು ಬಿಡುವಿನಲ್ಲಿ 1 ವ್ಯಾಟನ್ನೂ ಮುಟ್ಟುವುದಿಲ್ಲ. ಮನೆಗೆ ಫೈಬರ್ ತಂದ ವೈಫೈ ಡಬ್ಬಿಯೇ ಇವೆರಡಕ್ಕಿಂತ ಹೆಚ್ಚು ಎಳೆಯುತ್ತದೆ.

ಈ ಬಗೆಯ ಪುಟ್ಟ ಬೋರ್ಡುಗಳನ್ನು ಹಳ್ಳಿಯ ಕೆಲಸಕ್ಕೆ ಹಚ್ಚಿದ ಪ್ರಯೋಗ ನೋಡಬೇಕೆಂದರೆ ತುಮಕೂರು ಜಿಲ್ಲೆ ದಾಟಬೇಕಿಲ್ಲ. ತುಮಕೂರು ನಗರದ ಪೂರ್ವಕ್ಕೆ, ಶಿಂಷಾ ನದಿ ಹುಟ್ಟುವ ದೇವರಾಯನದುರ್ಗದ ತಪ್ಪಲಲ್ಲಿ ದುರ್ಗದಹಳ್ಳಿ ಇದೆ. ಬೆಂಗಳೂರಿನ ಜನಸ್ತು ಎಂಬ ಲಾಭರಹಿತ ಸಂಸ್ಥೆ, ಟಿ.ಬಿ. ದಿನೇಶ್ ಅವರ ಮುಂದಾಳತ್ವದಲ್ಲಿ, ವರ್ಷಗಳಿಂದ ಅಲ್ಲಿ ಸಮುದಾಯದ್ದೇ ಆದ ವೈಫೈ ಜಾಲವನ್ನು ಬೆಳೆಸುತ್ತ ಬಂದಿದೆ. ಇಂಥ ಜಾಲಕ್ಕೆ ಮೆಶ್ ಎಂದು ಹೆಸರು. ನಟ್ಟನಡುವಿನ ಒಂದು ಟವರಿನಿಂದ ಎಲ್ಲರಿಗೂ ಸಿಗ್ನಲ್ ಕೊಡುವ ಬದಲು ಇಲ್ಲಿ ಪ್ರತಿ ರೂಟರೂ ಪಕ್ಕದ ರೂಟರಿನ ಮಾತನ್ನು ಮುಂದಕ್ಕೆ ದಾಟಿಸುತ್ತದೆ. ಒಂದು ಕೆಟ್ಟರೆ ಮಾತು ಇನ್ನೊಂದರ ಮೂಲಕ ಸುತ್ತಿ ಬರುತ್ತದೆ. ಜಾಲದೊಳಗೆ ರಾಸ್ಪ್‌ಬೆರಿ ಪೈಯಂಥ ಬೋರ್ಡುಗಳು ಸರ್ವರುಗಳಾಗಿ ಕೂರುತ್ತವೆ. ಹೊರಗಿನ ಇಂಟರ್‌ನೆಟ್ ಕಡಿದುಹೋದರೂ ಒಳಗಿನ ಪುಟ, ಒಳಗಿನ ಧ್ವನಿ ನಿಲ್ಲುವುದಿಲ್ಲ.

ಧ್ವನಿ ಎಂದದ್ದಕ್ಕೆ ಕಾರಣವಿದೆ. ವೆಬ್ ಇಂದಿಗೂ ಬಹುಪಾಲು ಓದುಬರಹ ಬಲ್ಲವರದು. ದನ, ಗಿಡಮೂಲಿಕೆ, ಹಬ್ಬ, ಕಾಡು ಎಲ್ಲವನ್ನೂ ಅರೆದು ಕುಡಿದ ಹಿರಿಯರೊಬ್ಬರಿಗೆ ಅಕ್ಷರ ಬಾರದಿದ್ದರೆ ಅವರ ತಿಳಿವಳಿಕೆ ವೆಬ್ಬಿಗೆ ಬರುವ ದಾರಿಯೇ ಇಲ್ಲ. ಜನಸ್ತು ಬಳಗದವರು ಹಳ್ಳಿಯವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯ ಬೇಕಾದ ತುಣುಕಿಗೆ ಚಿತ್ರ, ಗುರುತು, ಟಿಪ್ಪಣಿ ಅಂಟಿಸುವ ಪಾಪಡ್ ಎಂಬ ತಂತ್ರಾಂಶವನ್ನು ಮಾಡಿದ್ದಾರೆ. ಅವರು ವರ್ಷಕ್ಕೊಮ್ಮೆ ನಡೆಸುವ ಆಂಟ್‌ಹಿಲ್‌ಹ್ಯಾಕ್ಸ್ ಎಂಬ ಕೂಟದಲ್ಲಿ ಪ್ರೋಗ್ರಾಮರುಗಳೂ ಕಲಾವಿದರೂ ಊರಿನವರ ಜೊತೆ ಕೂತು ಇಂಥವನ್ನು ಮಾಡಿ ನೋಡುತ್ತಾರೆ. ಮನೆಯಲ್ಲಿ ಸರ್ವರ್ ಇಡಲು ಹೊರಟ ತಿಪಟೂರಿನ ಕುಟುಂಬಕ್ಕೆ ಇಲ್ಲಿಂದ ಎರಡು ಸಂಗತಿ ಸಿಗುತ್ತವೆ: ಸರ್ವರಿಗೆ ಇಂಟರ್‌ನೆಟ್ ಇರಲೇಬೇಕೆಂದಿಲ್ಲ, ಪುಟದಲ್ಲಿ ಬರಹವೇ ಇರಬೇಕೆಂದೂ ಇಲ್ಲ. ಅಜ್ಜಿ ಹೇಳಿದ್ದನ್ನು ಫೋನಿನಲ್ಲಿ ಮುದ್ರಿಸಿ ಬೋರ್ಡಿಗೆ ಹಾಕಿದರೆ ಅದೂ ವೆಬ್ ಪುಟವೇ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ಇದೇ ದಾರಿ ಬಹುದೂರ ಹೋಗಿದೆ. ಅಲ್ಲಿನ ಓಸೋನಾ ಎಂಬ ಬೇಸಾಯದ ಸೀಮೆಗೆ ಕಂಪನಿಗಳು ಬ್ರಾಡ್‌ಬ್ಯಾಂಡ್ ತರಲಿಲ್ಲ. 2004ರಲ್ಲಿ ಜನ ತಾವೇ ಮನೆಯಿಂದ ಮನೆಗೆ ವೈಫೈ ಕೊಂಡಿ ಹಾಕಿಕೊಳ್ಳುತ್ತ ಗೀಫಿ ನೆಟ್ ಶುರುಮಾಡಿದರು. ಅದು 35,000 ಕೊಂಡಿಗಂಟುಗಳನ್ನು ದಾಟಿ ಬೆಳೆಯಿತು. ನಮ್ಮಲ್ಲೂ ಮನೆಯಿಂದ ಪಂಪ್‌ಹೌಸಿಗೆ ವೈಫೈ ಒಯ್ಯಲು ಲೈಸೆನ್ಸ್ ಬೇಡ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಸರ್ಕಾರ 2005ರಲ್ಲೇ ಬಿಡುಗಡೆ ಮಾಡಿದೆ.

ಆದರೆ ತೆಂಗಿನ ತೋಟದಲ್ಲಿ ಆಂಟೆನಾ ಎಲ್ಲಿ ಕಟ್ಟಬೇಕೆಂಬುದು ಯೋಚಿಸಬೇಕಾದ ವಿಷಯ. ಎತ್ತರಕ್ಕೆ ಏರಿಸಿದಷ್ಟೂ ಒಳ್ಳೆಯದು ಎಂಬ ಟಿವಿ ಕಾಲದ ರೂಢಿ ಇಲ್ಲಿ ಕೈಕೊಡುತ್ತದೆ. ಹಸಿ ಗರಿಯಲ್ಲಿ ನೀರಿದೆ, ನೀರು ಈ ಅಲೆಗಳನ್ನು ಹೀರುತ್ತದೆ. ತಿಪಟೂರು ತಳಿಯಂಥ ಎತ್ತರದ ಮರಗಳ ಗರಿಯೆಲ್ಲ ನೆತ್ತಿಯಲ್ಲಿ. ಕೆಳಗೆ ಕಂಬಸಾಲಿನಂತೆ ಬರೀ ಬೊಡ್ಡೆಗಳು, ನಡುವೆ ಬಯಲು. ಹಾಗಾಗಿ ಆಂಟೆನಾ ಗರಿಗಳ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಸಾಲುಗಳ ನಡುವಿನ ಓಣಿಗೆ ಮುಖಮಾಡಿ ನಿಂತರೆ ಸಿಗ್ನಲ್ ದೂರ ಸಾಗುತ್ತದೆ. ಅಂತರಬೆಳೆಯಾಗಿ ಬಾಳೆಯೋ ಕೋಕೋವೋ ದಟ್ಟವಾಗಿದ್ದರೆ ಆ ಓಣಿಯೂ ಮುಚ್ಚಿಹೋಗುತ್ತದೆ. ಅಲ್ಲಿ ನಡುವೆ ಇನ್ನೊಂದು ರೂಟರು ಬೇಕಾಗುತ್ತದೆ.

ಬೋರ್ಡಿಗೆ ಜೀವ ತುಂಬುವ ಕೆಲಸ ಒಂದು ಮಧ್ಯಾಹ್ನದ್ದು. ಬೋರ್ಡು, ಅದರದೇ ಪವರ್ ಅಡಾಪ್ಟರ್, 32 ಜಿಬಿಯ ಮೆಮೊರಿ ಕಾರ್ಡು, ಕಾರ್ಡಿಗೆ ಬರೆಯಲು ಯಾರದಾದರೂ ಲ್ಯಾಪ್‌ಟಾಪ್. ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಕೊಡಬಲ್ಲದ್ದು ಬೇಕು. ಹಳೆಯ ಫೋನಿನ ಚಾರ್ಜರು ಸಿಕ್ಕಿಸಿದರೆ ವೋಲ್ಟೇಜು ಕುಸಿದು ಬೋರ್ಡು ಕಾರಣ ಹೇಳದೆ ಮತ್ತೆ ಮತ್ತೆ ಮಲಗುತ್ತದೆ. ಹೊಸಬರು ತಿಣುಕುವ ತೊಂದರೆಗಳಲ್ಲಿ ಇದೇ ದೊಡ್ಡದು.

ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶ ಲಿನಕ್ಸನ್ನು ಕಾರ್ಡಿಗೆ ಬರೆಯುತ್ತದೆ. ಬರೆಯುವ ಮೊದಲೇ ಅದು ಬೋರ್ಡಿನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡು, ಮನೆಯ ವೈಫೈ ವಿವರ ಎಲ್ಲವನ್ನೂ ಕೇಳಿ ತುಂಬಿಕೊಳ್ಳುತ್ತದೆ. ಪರದೆಯ ಮೇಲೆ ಕಿಟಕಿ, ಐಕಾನುಗಳಿಲ್ಲದ ಲೈಟ್ ಆವೃತ್ತಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಈ ಬೋರ್ಡಿಗೆ ಮಾನಿಟರನ್ನು ಯಾರೂ ಜೋಡಿಸುವುದಿಲ್ಲ. ಎಸ್‌ಎಸ್‌ಎಚ್ ಸೌಲಭ್ಯವನ್ನೂ ಅಲ್ಲೇ ಚಾಲೂ ಮಾಡಬೇಕು. ಅದು ಲ್ಯಾಪ್‌ಟಾಪಿನಲ್ಲಿ ಕೂತು ಬೋರ್ಡಿಗೆ ಗುಪ್ತಲಿಪಿಯಲ್ಲಿ ಆಜ್ಞೆ ಕೊಡುವ ದಾರಿ. ಬೋರ್ಡಿಗೆ ‘ತೋಟ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟರೆ, ಮನೆಯೊಳಗಿನ ಜಾಲದಲ್ಲಿ ಅದನ್ನು ‘ತೋಟ ಡಾಟ್ ಲೋಕಲ್’ ಎಂದೇ ಕರೆಯಬಹುದು.

ಮುಂದಿನದು ಕೇಳಿದವರಿಗೆ ಪುಟ ಕೊಡುವ ತಂತ್ರಾಂಶ. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಇದಕ್ಕೆ ಹೇಳಿಮಾಡಿಸಿದ್ದು. ಒಂದೇ ಹೊತ್ತಿಗೆ ಸಾವಿರಾರು ಮಂದಿ ಕೇಳಿದರೂ ಕಡಿಮೆ ಮೆಮೊರಿಯಲ್ಲಿ ನಿಭಾಯಿಸಬೇಕೆಂದೇ ಅದನ್ನು ಬರೆದದ್ದು; ದೊಡ್ಡ ಜಾಲತಾಣಗಳಿಗೆಂದು ಕಲಿತ ಆ ಮಿತವ್ಯಯ ಪುಟ್ಟ ಬೋರ್ಡಿಗೂ ಒದಗುತ್ತದೆ. ಹಾಕುವುದು ಒಂದೇ ಸಾಲಿನ ಆಜ್ಞೆ. ಹಾಕಿದೊಡನೆ ಅದು 80ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಫೋನಿನ ಬ್ರೌಸರಿನಲ್ಲಿ ಬೋರ್ಡಿನ ಹೆಸರು ಒತ್ತಿದರೆ ಸ್ವಾಗತದ ಪುಟ ಬರಬೇಕು. ಇಲ್ಲದ ಪುಟ ಕೇಳಿದರೆ 404 ಎನ್ನಬೇಕು. ಈ 404 ಕೂಡ ಸಂತೋಷದ ಉತ್ತರವೇ: ಪುಟ ಇಲ್ಲ ಎಂದು ಹೇಳಲು ಸರ್ವರ್ ಇದೆ ಎಂದಾಯಿತು. ಇನ್ನೊಂದು ಕೆಲಸ ರೂಟರಿನಲ್ಲಿ. ಅದು ಮನೆಯ ಪ್ರತಿ ಉಪಕರಣಕ್ಕೂ ಸಾಮಾನ್ಯವಾಗಿ 192.168ರಿಂದ ಶುರುವಾಗುವ ವಿಳಾಸ ಹಂಚುತ್ತದೆ, ಹಂಚಿದ್ದನ್ನು ಬದಲಿಸುತ್ತಲೂ ಇರುತ್ತದೆ. ಬೋರ್ಡಿಗೆ ಒಂದು ವಿಳಾಸವನ್ನು ಕಾಯ್ದಿರಿಸಿಬಿಟ್ಟರೆ ಮುಂದೆ ಹುಡುಕಾಟವಿಲ್ಲ.

ಪುಟದ ತೂಕದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡದ ಅಕ್ಷರಗಳಿಗೆ ಯುನಿಕೋಡಿನಲ್ಲಿ ಒಂದೊಂದು ಸಂಖ್ಯೆ ಇದೆ. ವೆಬ್ಬಿನಲ್ಲಿ ಸಾಗುವಾಗ ಯುಟಿಎಫ್-8 ವಿಧಾನದಲ್ಲಿ ಆ ಪ್ರತಿ ಸಂಖ್ಯೆಗೆ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಕೊಬ್ಬರಿ ಎಂದು ಬರೆಯಲು ಕ, ಒತ್ವ, ಬ, ಹಲಂತ, ಮತ್ತೆ ಬ, ರ, ಇತ್ವ ಹೀಗೆ 7 ಸಂಖ್ಯೆಗಳು, ಅಂದರೆ 21 ಬೈಟ್. ಕನ್ನಡ ಪುಟ ದುಬಾರಿ ಎಂದು ಇದರಿಂದ ಅನ್ನಿಸಬಹುದು. ಆದರೆ ಈ ಮೂರು ಬೈಟುಗಳಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ. ಎರಡನೆಯದರಲ್ಲಿ ಇರುವುದು ಎರಡೇ ಬಗೆ. ಮರುಕಳಿಸುವುದನ್ನು ಮಡಿಚಿಡುವುದೇ ಜಿಜಿಪ್ ಎಂಬ ಸಂಕೋಚನದ ಕೆಲಸವಾದ್ದರಿಂದ ಕನ್ನಡ ಪುಟ ಅದರ ಕೈಗೆ ಸಿಕ್ಕರೆ ಚೆನ್ನಾಗಿ ಕುಗ್ಗುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಜಿಜಿಪ್ ಚಾಲೂ ಇದೆಯೇ ನೋಡಿಕೊಳ್ಳಬೇಕು. ಪುಟದ ನೆತ್ತಿಯಲ್ಲಿ ಇದು ಯುಟಿಎಫ್-8 ಎಂದು ಹೇಳಿರಬೇಕು; ಮರೆತರೆ ಕೆಲವು ಬ್ರೌಸರುಗಳಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಪುಟವನ್ನು ನಿಜವಾಗಿ ಭಾರ ಮಾಡುವುದು ಫೋಟೊ. ಫೋನಿನಲ್ಲಿ ತೆಗೆದ 3 ಮೆಗಾಬೈಟಿನ ಒಂದೇ ಚಿತ್ರದ ಜಾಗದಲ್ಲಿ ಕನ್ನಡದ 10 ಲಕ್ಷ ಅಕ್ಷರ ಕೂರುತ್ತದೆ.

ಪುಟವನ್ನು ಹಗುರವಾಗಿಡುವುದನ್ನು ವ್ರತದಂತೆ ಪಾಲಿಸಿದ ಪತ್ರಿಕೆಯೊಂದು ಬಾರ್ಸಿಲೋನಾದಲ್ಲಿದೆ. ಕ್ರಿಸ್ ಡಿ ಡೆಕರ್ ನಡೆಸುವ ಲೋ-ಟೆಕ್ ಮ್ಯಾಗಜೀನ್ 2018ರ ಸೆಪ್ಟೆಂಬರಿನಲ್ಲಿ ತನ್ನ ತಾಣವನ್ನು ಮನೆಯ ಬಾಲ್ಕನಿಯ ಸೌರಫಲಕಕ್ಕೆ ಕಟ್ಟಿತು. 50 ವ್ಯಾಟಿನ ಫಲಕ, ಒಂದು ಬ್ಯಾಟರಿ, ಬಲ್ಗೇರಿಯಾದ ಒಲಿಮೆಕ್ಸ್ ಕಂಪನಿಯ ಪುಟ್ಟ ಬೋರ್ಡು. ಬೋರ್ಡು ಎಳೆಯುವುದು 1ರಿಂದ 2.5 ವ್ಯಾಟ್. ಚಿತ್ರಗಳನ್ನು ಚುಕ್ಕಿಚುಕ್ಕಿಯ ಕಪ್ಪುಬಿಳುಪಿಗೆ ಇಳಿಸಿದರು. ಪ್ರತಿ ಭೇಟಿಗೂ ಹೊಸದಾಗಿ ಪುಟ ಹೊಲಿಯುವ ಡೇಟಾಬೇಸನ್ನು ಕಿತ್ತುಹಾಕಿ, ಸಿದ್ಧ ಪುಟಗಳನ್ನೇ ಇಟ್ಟರು. ಮೋಡ ಕವಿದು ಬ್ಯಾಟರಿ ಬರಿದಾದರೆ ತಾಣ ಮುಚ್ಚುತ್ತದೆ, ಬಿಸಿಲು ಬಂದಾಗ ತೆರೆಯುತ್ತದೆ. ಸುಮಾರು ಒಂದು ವರ್ಷದ ಅಳತೆಯಲ್ಲಿ ಅದು ನೂರಕ್ಕೆ 95ರಷ್ಟು ಹೊತ್ತು ತೆರೆದೇ ಇತ್ತು. ತುಮಕೂರು ಜಿಲ್ಲೆಯ ಬಿಸಿಲು ಬಾರ್ಸಿಲೋನಾದ ಬಿಸಿಲಿಗೆ ಸೋಲುವಂಥದ್ದಲ್ಲ. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇರುವುದು ಸುಮ್ಮನೆ ಅಲ್ಲ.

ಸೌರಫಲಕ ಬೇಡವೆನ್ನುವವರ ಮನೆಯಲ್ಲಿ ಸಾಮಾನ್ಯವಾಗಿ 150 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿ ಇರುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ ಅದು 1,800 ವ್ಯಾಟ್-ಅವರ್. ಅರ್ಧವನ್ನಷ್ಟೇ ಬಳಸಿದರೂ, ಬೋರ್ಡು ಮತ್ತು ವೈಫೈ ಡಬ್ಬಿ ಸೇರಿ 12 ವ್ಯಾಟ್ ಎಳೆದರೆ 75 ಗಂಟೆ ಬರಬೇಕು. ಅಷ್ಟು ಬರುವುದಿಲ್ಲ. ಬ್ಯಾಟರಿಯ ಕರೆಂಟನ್ನು 230 ವೋಲ್ಟಿಗೆ ಏರಿಸುವ ಇನ್ವರ್ಟರು ಆ ಏರಿಸುವ ಕೆಲಸಕ್ಕೇ ತನ್ನ ಪಾಲು ತಿನ್ನುತ್ತದೆ, ಅಡಾಪ್ಟರ್ ಅದನ್ನು ಮತ್ತೆ 5ಕ್ಕೆ ಇಳಿಸುವಾಗ ಇನ್ನಷ್ಟು ಸೋರುತ್ತದೆ. ರೂಟರಿಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಈ ಸುತ್ತುದಾರಿಯನ್ನು ತಪ್ಪಿಸುತ್ತದೆ. ಕರೆಂಟು ದಿನಕ್ಕೆ ಕೆಲವು ಗಂಟೆ ಹೋಗುವ ಕಡೆ ಅದೇ ಸಾಕು.

ಕರೆಂಟು ಹೋದಾಗ ಪೆಟ್ಟು ತಿನ್ನುವುದು ಬೋರ್ಡಲ್ಲ, ಮೆಮೊರಿ ಕಾರ್ಡು. ಕಾರ್ಡಿನೊಳಗಿನ ಫ್ಲ್ಯಾಶ್ ಕೋಶಗಳನ್ನು ಇಷ್ಟೇ ಸಲ ಅಳಿಸಿ ಬರೆಯಬಹುದೆಂಬ ಮಿತಿ ಇದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳ ಪಟ್ಟಿಯೇ ಕಲಸಿಹೋಗಬಹುದು. ಲಿನಕ್ಸ್ ತನ್ನ ದಿನಚರಿಯನ್ನು ಎಡೆಬಿಡದೆ ಕಾರ್ಡಿಗೆ ಬರೆಯುತ್ತಿರುತ್ತದೆ; ಆ ದಿನಚರಿಯನ್ನು ತಾತ್ಕಾಲಿಕ ಮೆಮೊರಿಗೆ ತಿರುಗಿಸಿದರೆ ಕಾರ್ಡಿನ ಆಯಸ್ಸು ಬೆಳೆಯುತ್ತದೆ. ರಾಸ್ಪ್‌ಬೆರಿ ಪೈಯ ಸೆಟ್ಟಿಂಗುಗಳಲ್ಲಿ ಇಡೀ ಕಾರ್ಡನ್ನು ಓದಲಷ್ಟೇ ಬಿಡುವ ಓವರ್‌ಲೇ ಎಂಬ ಆಯ್ಕೆಯೂ ಇದೆ. ಪುಟಗಳು ತಿಂಗಳಿಗೊಮ್ಮೆ ಬದಲಾಗುವಂಥ ಮನೆಗೆ ಅದು ಬಲು ಅನುಕೂಲ. ದಿನವೂ ಬರೆಯುವುದಿದ್ದರೆ ಯುಎಸ್‌ಬಿಗೆ ಎಸ್‌ಎಸ್‌ಡಿ ಸಿಕ್ಕಿಸುವುದು ಲೇಸು.

ಬೋರ್ಡನ್ನು ಎಲ್ಲಿ ಇಡಬೇಕು? ಅಟ್ಟದ ಮೇಲಂತೂ ಅಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಗಳು ಹತ್ತು ಹನ್ನೊಂದು ತಿಂಗಳು ಒಳಗೇ ಒಣಗಿ, ಗಿಟುಕು ಕರಟ ಬಿಡುವಂತೆ ಮಾಡುವುದು ಅಟ್ಟದ ಬೆಚ್ಚನೆಯ ಒಣಗಾಳಿ. ಕೊಬ್ಬರಿಗೆ ಹಿತವಾದ ಆ ಕಾವು ಚಿಪ್ಪಿಗೆ ಅಹಿತ. ಪೈ 80 ಡಿಗ್ರಿ ಮುಟ್ಟಿದರೆ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಜೊತೆಗೆ ಮಟ್ಟೆ ಸುಲಿಯುವಾಗ ಏಳುವ ನಾರಿನ ಧೂಳು, ಹೊಗೆ, ಇರುವೆ, ಹಲ್ಲಿ. ಅಟ್ಟದ ಕೆಳಗೆ, ತಣ್ಣನೆಯ ಒಳಗೋಡೆಗೆ, ಗಾಳಿಯಾಡುವ ಡಬ್ಬಿಯಲ್ಲಿ ಸಿಕ್ಕಿಸಿಟ್ಟರೆ ಫ್ಯಾನಿಲ್ಲದೆ ವರ್ಷಗಟ್ಟಲೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ತೆಂಗಿನ ಮರಗಳು ಬಲಿಯಾಗುವುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೈಬರಿನ ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ತಾಮ್ರ ಒಯ್ಯುತ್ತದೆ. ಮನೆಯಿಂದ ಪಂಪ್‌ಹೌಸಿಗೆ ತಾಮ್ರದ ನೆಟ್‌ವರ್ಕ್ ತಂತಿ ಎಳೆಯುವ ಬದಲು ವೈಫೈ ಬಳಸಬೇಕೆನ್ನಲು ಇದೊಂದೇ ಕಾರಣ ಸಾಕು. ಮನೆಯ ಅರ್ಥಿಂಗ್ ಸರಿಯಾಗಿರಬೇಕೆಂಬುದು ಸರ್ವರಿಗಿಂತ ಮನುಷ್ಯರಿಗಾಗಿ ಹೇಳಬೇಕಾದ ಮಾತು.

ಇಷ್ಟಾದ ಮೇಲೆ ಹೊರಬಾಗಿಲಿನ ವಿಷಯ. ಬೆಂಗಳೂರಿನಲ್ಲಿರುವ ಮಗಳು ತೋಟದ ಪುಟ ನೋಡಬೇಕೆಂದರೆ? ಇಲ್ಲಿ ಅಡ್ಡ ಬರುವುದು ವಿಳಾಸಗಳ ಬರ. ಇಂಟರ್‌ನೆಟ್ಟಿನ ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಕಟ್ಟುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಆಮೇಲೆ ಕಂಪನಿಗಳು ಅನೇಕ ಗಿರಾಕಿಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸತೊಡಗಿದವು. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದಂತೆ: ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ಯಾರದೆಂದು ಮಾಲೀಕರು ನೆನಪಿಟ್ಟು ತಲುಪಿಸುತ್ತಾರೆ, ಆದರೆ ಹೊಸಬರು ಬಂದು ಯಾರ ಹೆಸರೂ ಹೇಳದೆ ಬಾಗಿಲು ತಟ್ಟಿದರೆ ಯಾರ ಮನೆಗೆ ಬಿಡಬೇಕೆಂದು ತಿಳಿಯದು. ರೂಟರಿನ ಹೊರಬದಿಯ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಮನೆ ಇಂಥ ವಠಾರದಲ್ಲಿದೆ ಎಂದೇ ಅರ್ಥ. ವೆಬ್ಬಿನಲ್ಲಿ ಕೇಳುವವರೂ ಉತ್ತರಿಸುವವರೂ ಸಮಾನರಾಗಿ ಹುಟ್ಟಿದ್ದರು. ಮನೆಗಳು ಬರೀ ಕೇಳುವ ಜಾಗಗಳಾಗಿ ಉಳಿದದ್ದಕ್ಕೆ ಈ ಬರವೂ ಒಂದು ದೊಡ್ಡ ಕಾರಣ.

ದಾರಿಗಳಿವೆ. ಹೊಸ ಐಪಿವಿ6ರಲ್ಲಿ ವಿಳಾಸಗಳಿಗೆ ಬರವೇ ಇಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಸಂಪರ್ಕ ಕೊಟ್ಟ ಕಂಪನಿ ಅದನ್ನು ಕೊಟ್ಟಿದ್ದರೆ ಬೋರ್ಡಿಗೆ ನೇರ ವಿಳಾಸ ಸಿಗುತ್ತದೆ. ರೂಟರಿನ ಫೈರ್‌ವಾಲಿನಲ್ಲಿ ಅದಕ್ಕೆ ಅನುಮತಿ ಕೊಡಬೇಕು ಅಷ್ಟೇ. ಇನ್ನೊಂದು, ಒಳಗಿನಿಂದಲೇ ಹೊರಗಿನ ಸರ್ವರೊಂದಕ್ಕೆ ಸುರಂಗ ತೋಡಿ ಅದರ ಮೂಲಕ ಭೇಟಿಗಾರರನ್ನು ಕರೆತರುವುದು. ಕ್ಲೌಡ್‌ಫ್ಲೇರ್‌ನಂಥ ಕಂಪನಿಗಳು ಈ ಸೌಲಭ್ಯ ಕೊಡುತ್ತವೆ. ಮನೆಮಂದಿಗಷ್ಟೇ ಸಾಕೆಂದರೆ ವೈರ್‌ಗಾರ್ಡ್ ತಂತ್ರದ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಇದೆ. ಮಗಳ ಫೋನು, ಮನೆಯ ಬೋರ್ಡು ಎರಡೂ ಒಂದೇ ಖಾಸಗಿ ಜಾಲಕ್ಕೆ ಸೇರುತ್ತವೆ, ಲೋಕಕ್ಕೆ ಬಾಗಿಲು ತೆರೆಯುವುದೇ ಇಲ್ಲ. ಬಹುಪಾಲು ಮನೆಗಳಿಗೆ ಈ ಕೊನೆಯದೇ ಸರಿಯಾದ ಆಯ್ಕೆ.

ಲೋಕಕ್ಕೇ ತೆರೆದರೆ ಬರುವವರಲ್ಲಿ ಮನುಷ್ಯರಿಗಿಂತ ಮುಂದಾಗಿ ಬರುವುದು ಯಂತ್ರಗಳು. ತೆರೆದಿರುವ ಬಾಗಿಲುಗಳನ್ನು ಹುಡುಕುತ್ತ ಸಾಮಾನ್ಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುವ ತಂತ್ರಾಂಶಗಳು ಹಗಲಿರುಳೂ ತಿರುಗುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅರವತ್ತು ಚಿಲ್ಲರೆ ಮಾಮೂಲಿ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತು. ಆ ಸೇನೆಯ ದಾಳಿಯಿಂದ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್‌ನಂಥ ತಾಣಗಳೇ ಸಿಗದಾದವು. ರಾಸ್ಪ್‌ಬೆರಿ ಪೈ ಕೂಡ 2022ರ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ಆಗಿದ್ದ ಮಾಮೂಲಿ ಖಾತೆಯನ್ನು ಕೈಬಿಟ್ಟಿದೆ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡಿನ ಬದಲು ಕೀಲಿಕಡತ, ತಾನಾಗಿ ಬರುವ ಭದ್ರತಾ ಅಪ್‌ಡೇಟು, ಎಂಜಿನ್‌ಎಕ್ಸ್‌ನ ಬಾಗಿಲೊಂದನ್ನು ಬಿಟ್ಟು ಹೊರಗಿನವರಿಗೆ ಬೇರೆಲ್ಲ ಬಂದ್. ಈ ಮೂರಿಲ್ಲದೆ ಹೊರಬಾಗಿಲು ತೆರೆಯಬಾರದು. ಗುಪ್ತಲಿಪಿಯ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಅದರ ಆಯುಷ್ಯ ಚಿಕ್ಕದು, ನವೀಕರಣವನ್ನು ಬೋರ್ಡಿಗೇ ಒಪ್ಪಿಸಬೇಕು. ಹೆಸರನ್ನು ಕನ್ನಡದಲ್ಲೇ ಇಡಬಹುದು: ಡಾಟ್ ಇನ್ ಇರುವಂತೆ ಕನ್ನಡ ಲಿಪಿಯ ‘.ಭಾರತ’ ಕೂಡ ಇದೆ.

ಈಗ ಪುಟದಲ್ಲಿ ಏನಿಡುವುದು? ಧಾರಣೆಯಿಂದಲೇ ಶುರುಮಾಡಬಹುದು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2023ರ ಹಂಗಾಮಿಗೆ ಕ್ವಿಂಟಲಿಗೆ 11,750 ರೂಪಾಯಿ, 2024ಕ್ಕೆ 12,000, 2025ಕ್ಕೆ 12,100. ಇದೇ ಅವಧಿಯಲ್ಲಿ ತಿಪಟೂರಿನ ಮಾರುಕಟ್ಟೆ ಧಾರಣೆ 2023ರಲ್ಲಿ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು ರೈತರನ್ನು ಬೀದಿಗಿಳಿಸಿತು, 2025ರಲ್ಲಿ 20,000ವನ್ನೂ ದಾಟಿ ಏರಿತು. ಇಂಥ ಏರಿಳಿತದ ಪಕ್ಕದಲ್ಲಿ ಮನೆಯ ಅಟ್ಟದ ಲೆಕ್ಕವೂ ಇರಲಿ: ಯಾವ ತಿಂಗಳು ಎಷ್ಟು ಕಾಯಿ ಏರಿತು, ಇಳಿದಾಗ ಎಷ್ಟು ಕ್ವಿಂಟಲ್ ಆಯಿತು, ಯಾವ ಧಾರಣೆಗೆ ಹೋಯಿತು. ಮೂರು ನಾಲ್ಕು ಹಂಗಾಮು ಕಳೆದರೆ ಅದು ಬೇರೆಲ್ಲೂ ಸಿಗದ ದಾಖಲೆ.

ಮಳೆಯ ಲೆಕ್ಕವನ್ನು ಬೋರ್ಡೇ ಇಡಬಲ್ಲದು. ಅದರ ಅಂಚಿನಲ್ಲಿ ಸಾಲಾಗಿ ನಿಂತ 40 ಕಡ್ಡಿಗಳು ಹೊರಗಿನ ಉಪಕರಣಗಳನ್ನು ಜೋಡಿಸಲೆಂದೇ ಇವೆ. ತಕ್ಕಡಿಯಂತೆ ತೂಗುವ ಎರಡು ಪುಟ್ಟ ತೊಟ್ಟಿಗಳ ಮಳೆಮಾಪಕ ಸಿಗುತ್ತದೆ. ಒಂದು ತೊಟ್ಟಿ ತುಂಬಿದಾಗ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೂ ಒಂದು ಸ್ವಿಚ್ಚು ಟಕ್ಕೆಂದು ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ. ಒಂದು ವಾಲಿಕೆ ಎಂದರೆ 0.2 ಮಿಲಿಮೀಟರ್ ಮಳೆ ಎಂದು ಮಾಪಕದ ಮೇಲೆ ಬರೆದಿದ್ದರೆ, 100 ವಾಲಿಕೆಗೆ 20 ಮಿಲಿಮೀಟರ್. ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಳೆ ಕಾಣುವ ಈ ತಾಲ್ಲೂಕುಗಳಲ್ಲಿ ಒಂದು ಹದ ಮಳೆ ಪಕ್ಕದ ಊರಿಗೆ ಬಂದು ಇಲ್ಲಿಗೆ ಬಾರದಿರುವುದು ಮಾಮೂಲು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಅದಕ್ಕಿಂತ ಕೆಳಗೆ, ಈ ತೋಟಕ್ಕೇ ಬಿದ್ದದ್ದೆಷ್ಟು ಎಂಬುದನ್ನು ಅಳೆಯಬೇಕಾದವರು ತೋಟದವರೇ. ಸುಳಿ ಬಾಡಿದ, ಬೊಡ್ಡೆಯಿಂದ ಕಂದು ರಸ ಸೋರುವ ಮರದ ಫೋಟೊಗಳನ್ನು ತಾರೀಖಿನ ಜೊತೆ, ಪಕ್ಕದಲ್ಲೇ ಆ ವರ್ಷಗಳ ಮಳೆಯ ಪಟ್ಟಿಯ ಜೊತೆ, ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರ ಮುಂದೆ ಫೋನಿನಲ್ಲೇ ತೆರೆದು ತೋರಿಸಲು ಸಾಧ್ಯವಾದರೆ, ಮಾತುಕತೆ ಅಂದಾಜಿನಿಂದ ಶುರುವಾಗಬೇಕಿಲ್ಲ. ಯಾವ ಸಾಲಿನ ಯಾವ ಮರ, ಎಂದಿನಿಂದ ಎಂಬಲ್ಲಿಂದಲೇ ಶುರುವಾಗುತ್ತದೆ.